ತುಂಬ ಹಿಡಿಯಲಿ ಎಂದು ಎತ್ತಿದ ವಾಲ್ವ್

ನಮ್ಮ ಆಯಿ ಹಟ ಹಿಡಿದು ಮಗಳ ಮನೆಗೆ ಹೋದಳು. ಮೂಡಲಗಿಯ ಅವಳ ಓಣಿಯಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ವಯಸ್ಸಾದವರು, ಸಣ್ಣ ಮಾತಿಗೆ ಮುನಿಸು, ಏನು ಮಾಡುವುದು ಎಂದು ಒಂದು ನಿಟ್ಟುಸಿರನ್ನೂ ಸೇರಿಸುತ್ತಾರೆ. ನಾನು ಒಪ್ಪುವುದಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗೆ ತಯಾರಾಗುವಾಗ ಕಲಿತದ್ದೊಂದಿದೆ: ಎಲ್ಲರೂ ಒಂದೇ ಮಾತು ಹೇಳುತ್ತಿದ್ದರೆ, ಅದು ಮೊದಲು ಯಾರ ಬಾಯಿಂದ ಹೊರಟಿತು ನೋಡಬೇಕು. ಇದು ಹೊರಟದ್ದು ನನ್ನ ಕಾಕಾನ ಬಾಯಿಂದ.

ಆಯಿ ಅಂದರೆ ಅಪ್ಪನ ತಾಯಿ. ಅಪ್ಪನ ತಮ್ಮನಾದ ಕಾಕಾ, ಅವನ ಹೆಂಡತಿ ಕಾಕಿಯ ಜೊತೆ ಮೂಡಲಗಿಯಲ್ಲಿದ್ದವಳು. ನಾವು ಗೋಕಾಕದಲ್ಲಿ, ರವಿವಾರ ಬಂತೆಂದರೆ ನಾನು ಬಸ್ಸು ಹತ್ತಿ ಅವಳ ಹತ್ತಿರ ಹೋಗುತ್ತಿದ್ದೆ. ಅಂಗಳದಲ್ಲಿ ಜಾರಿ ಬಿದ್ದು ಸೊಂಟಕ್ಕೂ ಬಲಗೈಯ ಮಣಿಕಟ್ಟಿಗೂ ಪೆಟ್ಟಾದ ಮೇಲೆ ಅವಳಿಗೆ ಕುಕ್ಕರಗಾಲಲ್ಲಿ ಕೂಡಲು ಆಗದಾಯಿತು. ಕಾಕಾ ಅವಳ ಕೋಣೆಯ ಪಕ್ಕದಲ್ಲೇ ಕಮೋಡ್ ಹಾಕಿಸಿದ. ಪ್ರೀತಿಯಿಂದಲೇ ಹಾಕಿಸಿದ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಉಳಿದವರೆಲ್ಲ ಹಿತ್ತಲಿನ ಹಳೆಯದಕ್ಕೇ ಹೋಗುತ್ತಿದ್ದರು.

ನಳದ ನೀರು ನಮ್ಮ ಕಡೆ ದಿನಾ ಬರುವುದಿಲ್ಲ. ಬಂದ ದಿನ ಮನೆಯಲ್ಲಿ ಖಾಲಿ ಪಾತ್ರೆ ಇರಬಾರದು. ಕೊಡ, ಡ್ರಮ್ಮು, ಹಂಡೆ, ಕೊನೆಗೆ ಚಹಾದ ಕಿಟ್ಲಿಯನ್ನೂ ಬಾಯಿಮಟ್ಟ ತುಂಬಿಸಿ ಇಡುತ್ತಾರೆ. ಅರ್ಧ ತುಂಬಿದ ಕೊಡ ಕಂಡರೆ ಕಾಕಾನಿಗೆ ಸಿಟ್ಟು. ಅಂಥ ಮನೆಯಲ್ಲಿ ಮಾಳಿಗೆಯ ಮೇಲಿನ ನೀರಿನ ಟಾಕಿ ಮುಂದಿನ ಪಾಳಿಗೆ ಬಹಳ ಮೊದಲೇ ಬರಿದಾಗತೊಡಗಿತು. ಕಮೋಡ್ ಬಂದ ಮೇಲೆ ಶುರುವಾದದ್ದು. ಬಳಸುವವಳು ಆಯಿ ಒಬ್ಬಳೇ. ತೀರ್ಪು ಆಗಿಹೋಯಿತು.

ಆಯಿಗೆ ಕಿವಿ ಮಂದ. ಹಾಗಾಗಿ ಕಾಕಿ ಬಾಗಿಲ ಹೊರಗೆ ನಿಂತು ಕೇಳುತ್ತಿದ್ದದ್ದು ಇಡೀ ಓಣಿಗೆ ಕೇಳುತ್ತಿತ್ತು.

"ಅತ್ತೀ, ಎಷ್ಟ ಸಲ ಒತ್ತತೀರಿ ಅದನ್ನ? ಒಳಗ ಹೊಳಿ ಹರಸಾಕತ್ತೀರೇನ?"

"ಒಮ್ಮೆ ಒತ್ತೇನಿ ಯವ್ವಾ. ಬೇಕಂದ್ರ ಬಂದು ನೋಡ."

"ನಾ ಏನ್ ನೋಡ್ಲಿ ಬಂದು!"

ಎದುರು ಮನೆಯವರು ನಕ್ಕರು. ಆಯಿ ಹೊರಗೆ ಬರಲು ಬಹಳ ಹೊತ್ತು ಹಿಡಿಯಿತು.

ಆಮೇಲೆ ಕಾಕಾ ಫ್ಲಶ್ ಟ್ಯಾಂಕಿನ ಕೆಳಗಿನ ನಲ್ಲಿ ಮುಚ್ಚಿ, ಒಂದು ಬಕೆಟ್ಟು ತಂದಿಟ್ಟ. ಟಾಕಿಯಲ್ಲಿ ನೀರು ಉಳಿಯಿತು. ಅವರಿಗೆ ಅದೇ ದೊಡ್ಡ ಸಾಕ್ಷಿ. ಪೆಟ್ಟಾದ ಆ ಕೈಗೆ ತುಂಬಿದ ಬಕೆಟ್ಟು ಏಳುವುದಿಲ್ಲ ಎಂದು ಅವರಿಗೆ ಹೊಳೆಯಲಿಲ್ಲ, ಆಯಿ ಹೇಳಲೂ ಇಲ್ಲ. ಸಂಜೆಯ ಚಹಾ ಬಿಟ್ಟಳು. ರೊಟ್ಟಿ ಅರ್ಧಕ್ಕೆ ಬಂತು. ಉಣ್ಣುವಾಗ ಪಕ್ಕದಲ್ಲಿಟ್ಟ ನೀರಿನ ತಂಬಿಗೆ ಹಾಗೇ ಉಳಿಯತೊಡಗಿತು. ಕೊನೆಗೆ ಹುಕ್ಕೇರಿಯಲ್ಲಿರುವ ಮಗಳಿಗೆ, ಅಂದರೆ ನನ್ನ ಅತ್ತೆಗೆ, ಫೋನ್ ಮಾಡಿಸಿ, ಒಂದು ಚೀಲ ಹಿಡಿದು ಹೊರಟುಹೋದಳು. ಇದಕ್ಕೆ ಹಟ ಎನ್ನುವವರು ಹಟವೆಂದರೆ ಏನೆಂದು ಮೊದಲು ಹೇಳಲಿ.

ಮುಂದಿನ ರವಿವಾರ ನಾನು ಆ ನಲ್ಲಿಯನ್ನು ಮತ್ತೆ ತೆರೆದೆ. ಟ್ಯಾಂಕ್ ತುಂಬಿದ ಮೇಲೆ ಮುಚ್ಚಳ ತೆಗೆದು ಒಳಗೆ ಅರಿಶಿನ ಕಲಸಿ ಕಾಯುತ್ತ ನಿಂತೆ. ಕಾಕಾ ಬಂದು ಇಣುಕಿದ.

"ಏನ್ ವಕೀಲಬಾಯಿ, ಕಮೋಡಿಗೂ ಪೂಜಿ ಸುರು ಮಾಡಿದಿ? ಕಾಯಿ ತರ್ಲೇನ?"

"ಕಾಯಿ ಬ್ಯಾಡ್ರಿ ಕಾಕಾ. ಯಾರೂ ಒತ್ತಿಲ್ಲ, ಹೌದಿಲ್ಲೋ? ಈಗ ಕೆಳಗ ನೋಡ್ರಿ."

ಕಮೋಡಿನ ನೀರು ಸದ್ದಿಲ್ಲದೆ ಹಳದಿಯಾಗುತ್ತಿತ್ತು.

ಟ್ಯಾಂಕಿನೊಳಗೆ ನೀರು ತುಂಬಿಸುವ ವಾಲ್ವ್ ಒಂದು ಕಂಬದ ಹಾಗೆ ನಿಂತಿರುತ್ತದೆ. ಅದನ್ನು ಎಷ್ಟು ಎತ್ತರಕ್ಕೆ ಇಟ್ಟಿರುತ್ತೇವೋ ನೀರು ಅಷ್ಟಕ್ಕೆ ಏರಿ ನಿಲ್ಲುತ್ತದೆ. ಪಕ್ಕದಲ್ಲಿ ಬಾಯಿ ತೆರೆದ ಒಂದು ಕೊಳವೆ. ಮಟ್ಟ ಮೀರಿದ ನೀರು ಅದರೊಳಗಿಂದ ಕಮೋಡಿಗೆ ಇಳಿದುಹೋಗುತ್ತದೆ. ಇಲ್ಲಿ ವಾಲ್ವನ್ನು ತುತ್ತತುದಿಗೆ ಎತ್ತಿದ್ದರು. ನೀರು ನಿಲ್ಲಬೇಕಾದ ಮಟ್ಟ ಕೊಳವೆಯ ಬಾಯಿಗಿಂತ ಮೇಲಿತ್ತು. ಹಾಗಾದರೆ ಅದು ನಿಲ್ಲುವುದೆಂದು? ಮಾಳಿಗೆಯ ಟಾಕಿ ಬರಿದಾದಾಗ.

"ಇದನ್ನ ಇಷ್ಟ ಮ್ಯಾಲ ಯಾರ ಎತ್ತಿದ್ರು?"

"ನಾನ ಎತ್ತೇನಿ. ಹಾಕಿದಾಂವ ತಗ್ಗ ಇಟ್ಟ ಹೋಗಿದ್ದ, ಟ್ಯಾಂಕ್ ಪೂರ್ತಿ ತುಂಬತಿರಲಿಲ್ಲ. ಬಂದ ನೀರು ತುಂಬ ಹಿಡೀಲಿ ಅಂತ..." ಕಾಕಾ ಅಲ್ಲಿಗೇ ನಿಲ್ಲಿಸಿದ.

ಅವನು ಮೊಬೈಲಿನ ಬೆಳಕು ಹಿಡಿದ. ನಾನು ನಲ್ಲಿ ಮುಚ್ಚಿ, ಟ್ಯಾಂಕ್ ಖಾಲಿ ಮಾಡಿ, ವಾಲ್ವನ್ನು ತಿರುಗಿಸಿ ಕೆಳಗೆ ಒತ್ತಿ ಬಿಗಿ ಮಾಡಿದೆ. ಮತ್ತೆ ನೀರು ಬಿಟ್ಟಾಗ ಅದು ಕೊಳವೆಯ ಬಾಯಿಗಿಂತ ಒಂದು ಬೆರಳು ಕೆಳಗೆ ಏರಿ ತಾನೇ ನಿಂತಿತು. ಕಾಕಾ "ಹುಂ" ಎಂದು ಹೊರಗೆ ಹೋದ.

ವಾದ ಗೆದ್ದೆ ಎಂದುಕೊಂಡಿದ್ದೆ. ಮರುವಾರ ಹೋದಾಗ ಕಾಕಿ ಎದುರು ಮನೆಯವರಿಗೆ ಹೇಳುತ್ತಿದ್ದಳು: "ನಲ್ಲಿ ಚಾಲೂ ಐತಿ, ಆದ್ರೂ ಟಾಕ್ಯಾಗ ನೀರ ಹಂಗ ಐತಿ ನೋಡ್ರಿ. ಒತ್ತಾವರು ಇಲ್ಲಲ್ಲ!"

"ಕಾಕೀ, ಅದು ವಾಲ್ವ್ ಇಳಿಸಿದ್ದಕ್ಕ ಉಳದೈತಿ."

"ಆತವ್ವಾ. ನೀ ನಿಮ್ಮ ಆಯಿ ಕಡಿ ವಕೀಲಿ ಮಾಡಾಕೀನ ಅಲ್ಲ."

ಕಾಕಾ ಕಟ್ಟೆಯ ಮೇಲೆ ಪೇಪರ್ ಹಿಡಿದು ಕೂತಿದ್ದ. ಎಲ್ಲ ಕೇಳಿಸಿತ್ತು. ಹಾಳೆ ಮಗುಚಿದ.

ಅಲ್ಲಿಂದ ನೇರ ಹುಕ್ಕೇರಿಗೆ ಹೋದೆ. ಅತ್ತೆಯ ಮನೆಯಲ್ಲಿ ನೀರಿಗೆ ಬರವಿಲ್ಲ. ಆದರೂ ಪಾಯಖಾನೆಯ ಒಳಗಿನಿಂದ ಆಯಿಯ ದನಿ ಕೇಳಿತು: "ಒತ್ತಲೇನ?" ಅಡುಗೆಮನೆಯಿಂದ ಅತ್ತೆ "ಒತ್ತಬೇ, ಒತ್ತ" ಎಂದು ಕೂಗುವವರೆಗೂ ಒಳಗೆ ಸದ್ದಿಲ್ಲ. ಪ್ರತಿ ಸಲವೂ ಹೀಗೇ ಕೇಳುತ್ತಾಳಂತೆ.

ಅವಳ ಕಿವಿಯ ಹತ್ತಿರ ಕೂತು ಎಲ್ಲ ಹೇಳಿದೆ. ಅರಿಶಿನದ ಮಾತಿಗೆ ತುಸು ನಕ್ಕಳು. ನಂತರ ಕೇಳಿದಳು: "ಇದನ್ನ ಅಂವ ಹೇಳ್ಯಾನೇನ?"

"ಇಲ್ಲ. ನಾ ಹೇಳಾಕತ್ತೇನಲ್ಲ."

"ನೀ ಹೇಳಿದ್ರ ಏನಾತ ತಂಗಿ. ಆ ಓಣ್ಯಾಗ ಹೊಳ್ಳಿ ಹ್ಯಾಂಗ ಅಡ್ಡಾಡ್ಲಿ? ಅಂವ ಹೇಳ್ಲಿ. ಅವತ್ತ ಬರ್ತೇನಿ."

ಹೊರಗೆ ಬಂದು ಕಾಕಾನಿಗೆ ಫೋನ್ ಹಚ್ಚಿ ಅವಳ ಮಾತನ್ನು ಹಾಗೇ ಒಪ್ಪಿಸಿದೆ.

"ಮನಿ ಆಕೀದ ಐತಿ, ಬರ್ಲಿ. ನಾಳೆ ಗಾಡಿ ಕಳಸ್ತೇನಿ" ಎಂದ.

"ಆಕಿ ಗಾಡಿ ಕೇಳಿಲ್ರಿ."

"ಮುಂಜಾನೆ ಎಷ್ಟಕ್ಕ ಕಳಸ್ಲಿ, ಅಷ್ಟ ಹೇಳ" ಎಂದ.

"ಕಾಕಾ, 'ತಪ್ಪ ನಂದು, ನಮ್ಮವ್ವಂದಲ್ಲ' ಅಂತ ಕಾಕಿ ಮುಂದ, ಓಣಿ ಮುಂದ ಒಂದ ಮಾತ ಹೇಳಾಕ ನಿಮಗ ಏನ್ ಅಡ್ಡಿ ಬರತೈತಿ?"