ಬೂದಿ ಇಟ್ಟಿಗೆಯ ಎರ್ರಿಸ್ವಾಮಣ್ಣ

ಬಸ್ಸಿನಲ್ಲಿ ಸೀಟು ಹಿಡಿಯಲು ಎಲ್ಲರೂ ಕಿಟಕಿಯಿಂದ ಟವೆಲ್ ಹಾಕಿದರೆ, ನಮ್ಮ ಕುರುಗೋಡಿನ ಎರ್ರಿಸ್ವಾಮಣ್ಣ ಇಟ್ಟಿಗೆ ಇಡುತ್ತಿದ್ದರು. ಅದನ್ನು ಯಾರೂ ಸರಿಸುತ್ತಿರಲಿಲ್ಲ. ಒಮ್ಮೆ ಅಕ್ಕನ ಮಗನಿಗೆ ಹೆಣ್ಣು ನೋಡಲು ಮೋಕಾ ಊರಿಗೆ ಹೋದಾಗ, ಪೇಪರಿನಲ್ಲಿ ಸುತ್ತಿದ್ದ ಇಟ್ಟಿಗೆಯನ್ನು ಹೆಣ್ಣಿನ ತಾಯಿ ಮಿಠಾಯಿಯೆಂದು ಒಳಗೊಯ್ದು, ಬಿಚ್ಚಿ ನೋಡಿ, ಮತ್ತೆ ಸುತ್ತಿ ತಂದಿಟ್ಟರಂತೆ. ಸಂಬಂಧ ಕೂಡಲಿಲ್ಲ. "ಇಟ್ಟಿಗಿ ಚೊಲೋ ಇತ್ತು, ಹುಡುಗನಾ ಸುಮಾರಿದ್ದ" ಎಂದು ಎರ್ರಿಸ್ವಾಮಣ್ಣ ಹೇಳುತ್ತಿದ್ದರು.

ಮಕ್ಕಳೇ, ಅವರು ಮಾದರಿಗೆಂದು ಹೊತ್ತು ತಿರುಗುತ್ತಿದ್ದ ಅದು ಸುಟ್ಟ ಇಟ್ಟಿಗೆಯಲ್ಲ. ಬಳ್ಳಾರಿ ಕಡೆಯ ಕಾರ್ಖಾನೆಗಳು ಗುಡ್ಡೆ ಹಾಕುವ ಕಬ್ಬಿಣದ ಕಿಟ್ಟದ ಪುಡಿಗೆ ಕಲ್ಲಿದ್ದಲಿನ ಬೂದಿ, ಒಂದಿಷ್ಟು ಸಿಮೆಂಟು ಕಲಸಿ, ಅವರೇ ತಮ್ಮ ಮಷಿನ್ನಿನಲ್ಲಿ ಒತ್ತಿದ್ದು. ಬೂದಿಯಿಂದ ಕಟ್ಟಿದ ಮನೆಯಲ್ಲಿ ದೀಪ ಹಚ್ಚುವುದು ಹೇಗೆ ಎಂದು ಊರಿನಲ್ಲಿ ಯಾರೂ ಕೊಳ್ಳಲಿಲ್ಲ. ಎರ್ರಿಸ್ವಾಮಣ್ಣ ತಮ್ಮ ಹಣೆಯ ವಿಭೂತಿ ಮುಟ್ಟಿ, "ಇದು ಯಾತರದು ಮತ್ತ?" ಎಂದು ಕೇಳುತ್ತಿದ್ದರು.

ಕೊನೆಗೆ ಅವರ ಹೆಂಡತಿ ಪಾರ್ವತಮ್ಮ ಷರತ್ತು ಹಾಕಿದರು. ಮೇಸ್ತ್ರಿ ಹುಲುಗಪ್ಪ ಒಪ್ಪಿ ಊರಲ್ಲಿ ಒಂದಾದರೂ ಗೋಡೆ ಏಳಬೇಕು. ಇಲ್ಲವಾದರೆ ಮಷಿನ್ನು ಮಾರಿ, ಸಿರುಗುಪ್ಪದಲ್ಲಿ ತನ್ನ ತಮ್ಮನ ಅಕ್ಕಿ ಗಿರಣಿಗೆ ಸೇರಬೇಕು. "ಬಾಮೈದನ ಮುಂದ ಚೀಲ ಹೊಲಕಂತ ಕೂಡ್ಲೇನು?" ಎಂದು ಎರ್ರಿಸ್ವಾಮಣ್ಣ ಓಣಿಯಲ್ಲಿ ಸಿಕ್ಕವರನ್ನೆಲ್ಲ ಕೇಳಿದರು.

ಆಗಲೇ ನಮ್ಮ ಬಚ್ಚಲುಮನೆಯ ಗೋಡೆ ಬಿತ್ತು. ನಿಮ್ಮ ತಾತ ತೀರಿಕೊಂಡು ವರ್ಷವಾಗಿರಲಿಲ್ಲ. ನಾನು ಗಂಡಸರೆದುರು ಮಾತಾಡಿದವಳಲ್ಲ. ಶಾಲೆಯಲ್ಲಿ ಹಾಜರಿ ಕೂಗಿದರೂ ಪಕ್ಕದವಳೇ ನನ್ನ ಪರವಾಗಿ "ಎಸ್ ಸಾರ್" ಅನ್ನುತ್ತಿದ್ದಳು. ತಮ್ಮ ಇಟ್ಟಿಗೆಯಿಂದ ಕಟ್ಟಿಸಲೇ ಎಂದು ಎರ್ರಿಸ್ವಾಮಣ್ಣ ಕೇಳಿದಾಗ ತಲೆಯಾಡಿಸಿದೆ. ಹೌದೆಂದೋ ಅಲ್ಲವೆಂದೋ ನನಗೇ ತಿಳಿಯಲಿಲ್ಲ. ಮರುದಿನ ಹಸಿ ಇಟ್ಟಿಗೆಗಳು ಅಂಗಳಕ್ಕೆ ಬಂದವು. ಅವರು ಒದ್ದೆ ಗೋಣಿ ಹೊದಿಸಿ, "ತಂಗೆಮ್ಮ, ಚೆಂದಾಗಿ ನೋಡ್ಕ. ಬೂದಿ ತರಾಕ ಹೋಗಿ ಎಂಟು ದಿನಕ್ಕ ಬರ್ತೀನಿ" ಎಂದು ಹೊರಟರು. ದಿನವೂ ನೀರು ಹಾಕಬೇಕೆಂದು ಹೇಳುವುದನ್ನು ಮರೆತರು.

ನಾನು ಚೆನ್ನಾಗಿಯೇ ನೋಡಿಕೊಂಡೆ. ಒದ್ದೆಯಲ್ಲಿ ಕೆಟ್ಟಾವೆಂದು ಗೋಣಿ ತೆಗೆದು, ಬಿಸಿಲಿಗೆ ಹರವಿ, ಮಧ್ಯಾಹ್ನ ಮಗ್ಗುಲು ತಿರುವಿ, ಸಂಜೆ ಮೊದಲಿನಂತೆಯೇ ಪೇರಿಸಿದೆ. ಎಂಟು ದಿನವೂ.

ಒಂಬತ್ತನೆಯ ದಿನ ಎರ್ರಿಸ್ವಾಮಣ್ಣ ಮೇಸ್ತ್ರಿಯನ್ನು ಕರೆತಂದರು. ಹಿಂದೆಯೇ ಓಣಿಯ ಜನ. ಮೇಸ್ತ್ರಿ ಒಂದು ಇಟ್ಟಿಗೆಯನ್ನು ಸೊಂಟದ ಎತ್ತರದಿಂದ ಹಾಸುಗಲ್ಲಿನ ಮೇಲೆ ಬಿಟ್ಟರು. ಅದು ಉದುರಿ ಹರಡಿತು. ಮೇಸ್ತ್ರಿ ಒಂದು ಚಿಟಿಕೆ ಎತ್ತಿ ಬೆರಳಲ್ಲಿ ತಿಕ್ಕಿದರು.

"ಎರ್ರಿಸ್ವಾಮಿ, ಇದು ಪುಟಾಣಿ ಹಿಟ್ಟಲೇ. ಸಕ್ರಿ ಹಾಕಿದ್ರ ಉಂಡಿ ಕಟ್ಟಬಹುದು."

ಎಲ್ಲರೂ ನಕ್ಕರು. ಎರ್ರಿಸ್ವಾಮಣ್ಣ ಕೂತು ಪುಡಿಯನ್ನು ಅಂಗೈಯಿಂದ ಒಟ್ಟುಗೂಡಿಸತೊಡಗಿದರು. ನಾನು ಬಾಗಿಲ ಮರೆಯಿಂದ ಅರ್ಧ ಮುಖ ಹೊರಹಾಕಿದೆ.

"ಅಣ್ಣಂದೇನೂ ತಪ್ಪಿಲ್ರಿ," ಎಂದೆ. "ನಾನಾ ಬಿಸಿಲಿಗೆ ಒಣಗಿಸೀನಿ. ಸಂಡಿಗಿ ಒಣಗಿಸಿದಂಗ."

ಮೇಸ್ತ್ರಿ ಬಾಗಿಲ ಕಡೆ ತಿರುಗಿದರು. "ತಿರುವಿ ಹಾಕಿದ್ದೇನವ್ವಾ?"

"ಹ್ಞೂಂ ರೀ. ಎರಡೂ ಕಡಿ."

"ಕರದು ತಿನ್ನಾದೊಂದು ಉಳದಿತ್ತು," ಎಂದು ಮೇಸ್ತ್ರಿ ನಕ್ಕು ನಕ್ಕು ಕಟ್ಟೆಯ ಮೇಲೆ ಕೂತರು. ನಗು ಮುಗಿದ ಮೇಲೆ ಇನ್ನೊಂದು ಸಲ ನೋಡೋಣವೆಂದು ಒಪ್ಪಿದರು.

ಈ ಸಲ ಎರ್ರಿಸ್ವಾಮಣ್ಣ ಹೊಸ ಇಟ್ಟಿಗೆ ಒತ್ತಿ ತಂದು, ಮೂರು ವಾರ ದಿನಕ್ಕೆರಡು ಹೊತ್ತು ಬಂದು ತಾವೇ ನೀರು ಹಾಕಿದರು. ಬಿಸಿಲು ಬೀಳದಂತೆ ನಾನು ಕಾದೆ. ಮೇಸ್ತ್ರಿ ಸೊಂಟದಿಂದ ಬಿಟ್ಟರು, ಎದೆಯಿಂದ ಬಿಟ್ಟರು, ತಲೆಯ ಮೇಲಿನಿಂದ ಬಿಟ್ಟರು. ಹಾಸುಗಲ್ಲಿನ ಮೂಲೆ ಹಾರಿತು. ಅಂದೇ ಪಾಯ ಅಗೆದರು.

ಆಮೇಲಿನ ಕಷ್ಟ ನನ್ನದು. ಗಿರಾಕಿಗಳಿಗೆ ಕಾಣಲೆಂದು ಗೋಡೆಗೆ ಸಿಮೆಂಟು ಮೆತ್ತಿ ಗಿಲಾವು ಮಾಡಲು ಎರ್ರಿಸ್ವಾಮಣ್ಣ ಬಿಡಲಿಲ್ಲ. ಸ್ನಾನಕ್ಕೆ ಹೋಗುವ ಮುಂಚೆ, ಸಿರಿಗೇರಿಯಿಂದಲೋ ಬಳ್ಳಾರಿಯಿಂದಲೋ ಬಂದ ಯಾರಾದರೂ ನನ್ನ ಬಚ್ಚಲುಮನೆಯನ್ನು ಬಡಿದು ನೋಡುತ್ತಿದ್ದಾರೆಯೇ ಎಂದು ಇಣುಕಬೇಕಿತ್ತು.

ವರ್ಷಗಳು ಕಳೆದು ನಮ್ಮ ಓಣಿಯಲ್ಲೇ ಬೂದಿ ಇಟ್ಟಿಗೆಯ ಆರೇಳು ಮನೆ ಎದ್ದವು. ವಯಸ್ಸಾದ ಎರ್ರಿಸ್ವಾಮಣ್ಣ ಸಿರಿಗೇರಿಯಲ್ಲಿ ಮಗಳ ಮನೆಯಲ್ಲಿರಲು ಹೊರಟ ದಿನ ಬಂದು ಗೋಡೆಯ ಮುಂದೆ ನಿಂತರು.

"ಇನ್ನ ಗಿಲಾವ್ ಮಾಡಿಸಿಬಿಡು ತಂಗೆಮ್ಮ. ಗ್ವಾಡಿ ಅಂದಮ್ಯಾಲ ಯಾತರದಂತ ಯಾರೂ ಕೇಳಬಾರದು."

ತಿಂಗಳೊಳಗೆ ಅವರು ತೀರಿಹೋದ ಸುದ್ದಿ ಬಂತು. ಗಿಲಾವಿಗೆ ಬೇರೆ ಊರಿನ ಕೆಲಸಗಾರ ಬಂದ. ಅವನು ಕೇಳಿದರೆ ಹೇಳೋಣವೆಂದು, ಎಂದೂ ಹಾಗೆ ನಿಲ್ಲದ ನಾನು ಬಾಗಿಲಲ್ಲೇ ನಿಂತಿದ್ದೆ. ಅವನು ನೀರು ಕೇಳಿದ, ಚಹಾ ಕೇಳಿದ, ಏಣಿ ಕೇಳಿದ. ಸಂಜೆ ಗೋಡೆಯೆಲ್ಲ ಮುಚ್ಚಿ ಕೈ ತೊಳೆದುಕೊಂಡು ಹೋದ. ಇಟ್ಟಿಗೆ ಯಾತರದೆಂದು ಕೇಳಲೇ ಇಲ್ಲ.