ಅಡುಗೆಮನೆಯ ಹೊಸ್ತಿಲಲ್ಲಿ ಬಿಟ್ಟ ಚಪ್ಪಲಿ

ನನ್ನ ಅತ್ತೆ ಬೆಳಿಗ್ಗೆ ತುದಿಗಾಲಲ್ಲಿ ನಡೆಯುತ್ತಿದ್ದರು. ಮದುವೆಯಾಗಿ ಉಪ್ಪಲ್‌ನ ಈ ಮನೆಗೆ ಬಂದ ಮೊದಲ ವಾರವೇ ನಾನದನ್ನು ಗಮನಿಸಿ, ಅರ್ಥವನ್ನೂ ಹಚ್ಚಿಬಿಟ್ಟಿದ್ದೆ: ಸೊಸೆ ಎದ್ದಿದ್ದಾಳೋ ಇಲ್ಲವೋ ಎಂದು ಸದ್ದಿಲ್ಲದೆ ಬಂದು ನೋಡುವ ಉಪಾಯ. "ನಮ್ಮತ್ತಿ ಬೆಕ್ಕಿನಂಗ ಬರ್ತಾರ, ಗೊತ್ತ ಆಗಂಗಿಲ್ಲ" ಎಂದು ಫೋನಿನಲ್ಲಿ ನನ್ನ ಅಕ್ಕನಿಗೆ ಹೇಳಿ ನಗುತ್ತಿದ್ದೆ. ಇಪ್ಪತ್ತೆರಡು ವರ್ಷ ನಕ್ಕೆ.

ಹೋದ ವರ್ಷ ನನ್ನದೇ ಬಲ ಹಿಮ್ಮಡಿ ಹಿಡಿದುಕೊಂಡಿತು. ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಟ್ಟರೆ ಮೊಳೆ ತುಳಿದಂತೆ. ಹತ್ತು ಹೆಜ್ಜೆ ನಡೆದರೆ ಸ್ವಲ್ಪ ಸಡಿಲ, ಕೂತು ಎದ್ದರೆ ಮತ್ತೆ ಅದೇ ಹಾಡು. ನಾನು ಗಣಿತದ ಟೀಚರ್, ದಿನಕ್ಕೆ ಆರು ಪೀರಿಯಡ್ ನಿಂತೇ ಪಾಠ. ನಿಲ್ಲಲಾಗದಿದ್ದರೆ ಕೆಲಸ ಬಿಡಬೇಕು, ಅಷ್ಟೇ. ಈ ಭಯವನ್ನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿದರೆ "ಹಂಗಾರ ಬಿಟ್ಟಬಿಡು" ಅಂದುಬಿಟ್ಟಾರು ಎಂಬ ಇನ್ನೊಂದು ಭಯ.

ಬೇಗಂಪೇಟೆಯ ಡಾಕ್ಟರು ಬಿಡಿಸಿ ಹೇಳಿದರು. ಹಿಮ್ಮಡಿಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನೊಳಗೆ ಒಂದು ದಪ್ಪ ಪಟ್ಟಿ ಇದೆಯಂತೆ. ಎಳೆದೂ ಎಳೆದೂ ಅದು ನೊಂದಿದೆ. ಮಲಗಿದಾಗ ಬಿಗಿಯುತ್ತದೆ, ಬೆಳಿಗ್ಗೆ ಮೊದಲ ಹೆಜ್ಜೆಗೆ ಜಗ್ಗುತ್ತದೆ. ಹಾಸಿಗೆ ಇಳಿಯುವ ಮೊದಲು ಅಂಗಾಲಿಗೆ ಟವೆಲ್ ಹಾಕಿ ಪಾದವನ್ನು ಮೈಕಡೆ ಎಳೆದುಕೊಳ್ಳಬೇಕು, ಗೋಡೆಗೆ ಕೈಯೂರಿ ಮೀನಖಂಡ ಚಾಚಬೇಕು, ತಣ್ಣನೆಯ ಬಾಟಲಿಯನ್ನು ಅಂಗಾಲಿನಡಿ ಉರುಳಿಸಬೇಕು. ಮುಖ್ಯವಾಗಿ ಮನೆಯೊಳಗೂ ಮೆತ್ತನೆಯ ಚಪ್ಪಲಿ ಹಾಕಬೇಕು, ಬರಿಗಾಲು ಬೇಡವೇ ಬೇಡ.

ಎಲ್ಲ ಮಾಡಿದೆ. ಎರಡು ತಿಂಗಳಾದರೂ ನೋವು ಕದಲಲಿಲ್ಲ. "ಚಪ್ಪಲ್ ಪಹನ್ತೀ ಹೈಂ ನಾ?" ಎಂದು ಡಾಕ್ಟರು ಹಿಂದಿಯಲ್ಲಿ ಕೇಳಿದರೆ "ಜೀ, ದಿನ್ ಭರ್" ಎಂದೆ, ದಿನವಿಡೀ ಹಾಕುತ್ತೇನೆ ಅಂತ. ಅದು ಸುಳ್ಳು ಎಂದು ನನಗೇ ಅನ್ನಿಸಿರಲಿಲ್ಲ. ಒಲೆ ಇರುವಲ್ಲಿ, ಮೂಲೆಯಲ್ಲಿ ದೇವರಿರುವಲ್ಲಿ ಚಪ್ಪಲಿ ಮೆಟ್ಟಿ ಯಾರಾದರೂ ಹೋಗುತ್ತಾರೆಯೇ? ಅಡುಗೆಮನೆಯ ಹೊಸ್ತಿಲಲ್ಲಿ ಅವನ್ನು ಬಿಟ್ಟು, ಬೆಳಿಗ್ಗೆ ಒಂದೂವರೆ ಗಂಟೆ ಗ್ರಾನೈಟಿನ ಮೇಲೆ ಬರಿಗಾಲಲ್ಲಿ ನಿಂತು ರೊಟ್ಟಿ ಬಡಿದು, ಆಮೇಲೆ ಚಪ್ಪಲಿ ಹಾಕಿಕೊಂಡು ಸೋಫಾದ ಮೇಲೆ ಕೂಡುತ್ತಿದ್ದೆ. ಮಕ್ಕಳ ಲೆಕ್ಕದಲ್ಲಿ ತಪ್ಪು ಹುಡುಕುವ ಜಾಣೆ ನಾನು!

ಒಂದು ಬೆಳಿಗ್ಗೆ ಟವೆಲ್ ಮರೆತು ಹಾಗೇ ಇಳಿದುಬಿಟ್ಟೆ. ನೋವು ತಡೆಯಲಾರದೆ ತುದಿಗಾಲಲ್ಲಿ ಗೋಡೆ ಹಿಡಿದು ಹಾಲಿಗೆ ಬಂದೆ. ಎದುರಿನ ಕೋಣೆಯಿಂದ ಅತ್ತೆ ಬಂದರು, ತುದಿಗಾಲಲ್ಲಿ, ಗೋಡೆ ಹಿಡಿದು. ಇಬ್ಬರೂ ನಿಂತೆವು. ಅವರು ನನ್ನ ಪಾದ ನೋಡಿದರು.

"ನಿನಗೂ ಹತ್ತಿತೇನಬೇ ಇದು?"

ಅಕ್ಕನೊಡನೆ ನಕ್ಕಿದ್ದೆಲ್ಲ ಒಮ್ಮೆಲೇ ನೆನಪಾಗಿ ಮುಖ ಸುಟ್ಟಂತಾಯಿತು. ಭಾಳ ನಾಚಿಕೆಯಾಯಿತು. ಅದೇ ಕಲ್ಲಿನ ಮೇಲೆ ಅವರು ನನಗಿಂತ ಎಷ್ಟೋ ವರ್ಷ ಹೆಚ್ಚು ನಿಂತವರು. ಅಲ್ಲೇ ಕೂತು ಡಾಕ್ಟರು ಹೇಳಿದ್ದೆಲ್ಲ ಹೇಳಿದೆ. ಕೆಲಸದ ಭಯವನ್ನೂ ಹೇಳಿದೆ. ಅಡುಗೆಮನೆಯೊಳಗೂ ಚಪ್ಪಲಿ ಬೇಕೆಂಬ ಮಾತನ್ನು ಕೊನೆಗೆ ಹೇಳಿದೆ.

ಅತ್ತೆ ಒಲೆಯ ಕಡೆ ನೋಡಿದರು. "ಹೊಸಾವು ಎರಡು ಜೋಡಿ ತಗೊಂಡ್ ಬಾ. ಹೊರಗ ಮೆಟ್ಟೂದು ಬ್ಯಾಡ, ಒಲಿ ಮುಂದ ಅಷ್ಟ. ದೇವರನ್ನ ನಾ ಹಾಲಿನ್ಯಾಗ ಕೂಡಸ್ತೀನಿ. ಅವಂಗೇನು ಹಿಂಬಡ ನೋಯಂಗಿಲ್ಲ."

ನನ್ನ ನೋವು ಈಗ ಮುಕ್ಕಾಲು ಇಳಿದಿದೆ, ಆರೂ ಪೀರಿಯಡ್ ನಿಲ್ಲುತ್ತೇನೆ. ಅತ್ತೆಯನ್ನೂ ಅದೇ ಡಾಕ್ಟರ ಹತ್ತಿರ ಕರೆದೊಯ್ದೆ. ಅತ್ತೆಗೆ ಹಿಂದಿ ಅಷ್ಟಕ್ಕಷ್ಟೇ, ನಡುವೆ ನಾನು ಕೂತೆ. ಎಷ್ಟು ದಿನದಿಂದ ನೋವು ಎಂದು ಡಾಕ್ಟರು ಕೇಳಿದರು.

"ನೀ ಬರೂಕಿಂತ ಮೊದಲಿಂದ ಐತಿ ಅಂತ ಹೇಳವಾ" ಎಂದರು ಅತ್ತೆ.

ಹೇಳಿದೆ. ಡಾಕ್ಟರು ಪೆನ್ನು ಕೆಳಗಿಟ್ಟು, ಇಷ್ಟು ವರ್ಷ ಮನೆಯಲ್ಲಿ ಯಾರೂ ನೋಡಲಿಲ್ಲವೇ ಎಂದು ಕೇಳಿದರು. ಅತ್ತೆ ನನ್ನ ಮುಖ ನೋಡುತ್ತಿದ್ದರು. ಆ ಪ್ರಶ್ನೆಯನ್ನು ನಾನು ಕನ್ನಡದಲ್ಲಿ ಹೇಳಲಿಲ್ಲ. ದಿನಾ ನೋಡುತ್ತಿದ್ದೆ ಎಂದು ನಾನೇ ಉತ್ತರ ಕೊಟ್ಟೆ.