ಕ್ಲಿಪ್ ಕಡೆಯ ಹಳದಿ ವೈರು

2022ರ ಆಷಾಢಕ್ಕೆ ಶಿಡ್ಲಘಟ್ಟದ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಗೆ ಹನ್ನೆರಡು ವರ್ಷ ತುಂಬಿತ್ತು. ನಾನು ಓದಿದ್ದು ಏಳನೇ ಕ್ಲಾಸು. ಗೌರಿಬಿದನೂರಿನಲ್ಲಿ ಪಂಪ್‌ಸೆಟ್ ಮೋಟಾರಿಗೆ ಕಾಯಿಲ್ ಸುತ್ತುತ್ತಾ ಕೆಲಸ ಕಲಿತವನು. ಇಂಗ್ಲಿಷ್ ಮ್ಯಾನ್ಯುಯಲ್ ಓದಲು ಬಾರದಿದ್ದರೂ ಡಿಪ್ಲೊಮಾ ಮಾಡಿದವರು ಕೈಬಿಟ್ಟ ಯಂತ್ರಗಳನ್ನು ಎದ್ದು ಕೂರಿಸಿದ್ದೇನೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಆ ತಿಂಗಳು ಸಾದಲಿಯಿಂದ ಭಾರತಿ ಎನ್ನುವವರು ಬಂದರು. ಮನೆಯಲ್ಲೇ ಕಂಪ್ಯೂಟರ್ ಎಂಬ್ರಾಯ್ಡರಿ ಯಂತ್ರ ಇಟ್ಟುಕೊಂಡು ರವಿಕೆಗಳಿಗೆ ಡಿಸೈನ್ ಹಾಕುವವರು. ಬೆಂಗಳೂರಿನ ಯಾವುದೋ ಆಫೀಸಿನಿಂದ ಬಂದ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ಅವರದು. ಅದರ ಎಸ್‌ಎಂಪಿಎಸ್, ಅಂದರೆ ಗೋಡೆಯ 230 ವೋಲ್ಟನ್ನು ಇಳಿಸಿ ಬೋರ್ಡಿಗೆ ಕೊಡುವ ಡಬ್ಬಿ, ಸತ್ತಿತ್ತು. ಅದನ್ನೇ ಬಿಚ್ಚಿ ಕೈಚೀಲದಲ್ಲಿ ತಂದಿದ್ದರು.

"ಬೋರ್ಡ್ ಮಾತ್ರ ಹೋಗ್ಬಾರ್ದು ಕಣಣ್ಣ. ಡಿಸೈನ್ ಸಾಫ್ಟ್‌ವೇರಿನ ಲೈಸೆನ್ಸ್ ಆ ಬೋರ್ಡಿಗೇ ಕಟ್ಟವ್ರೆ. ಮಾರಿದೋರು ಅಂಗಡಿ ಮುಚ್ಕೊಂಡು ಹೋದ್ರು. ಬೋರ್ಡ್ ಹೋದ್ರೆ ಶ್ರಾವಣದ ಮದ್ವೆ ರವಿಕೆಗಳೂ ಹೋದ್ವು, ನಾನೂ ಹೋದೆ."

ಸತ್ತ ಡಬ್ಬಿಯ ಮೇಲೆ 180 ವಾಟ್ ಎಂದಿತ್ತು. ಪಕ್ಕದ ರಸ್ತೆಯಲ್ಲಿ ಯಾರೋ 450 ವಾಟಿನದು ತೋರಿಸಿದ್ದರಂತೆ. "ಅಷ್ಟು ಹಾಕ್ಸಿದ್ರೆ ಸುಟ್ಟೋಗಲ್ವಾ?" ಎಂದರು.

"ಟ್ಯಾಂಕ್ ದೊಡ್ಡದಾದ್ರೆ ಮನೆಗೆ ನೀರು ನುಗ್ಗಲ್ಲಮ್ಮ, ನಲ್ಲಿ ಬಿಟ್ಟಷ್ಟೇ ಬರುತ್ತೆ. ಆದ್ರೆ ಅದು 450 ಅಲ್ಲ."

ಆ ಮಾದರಿ ನನಗೆ ಗೊತ್ತಿತ್ತು. ಮುಂದೆ ದಪ್ಪಕ್ಷರದಲ್ಲಿ ಬರೆದದ್ದು ಬೇರೆ, ಬದಿಯ ಸಣ್ಣ ಪಟ್ಟಿ ಹೇಳುವುದು ಬೇರೆ. ಈಗಿನ ಬೋರ್ಡುಗಳು ಹೆಚ್ಚಾಗಿ ತಿನ್ನುವುದು 12 ವೋಲ್ಟ್ ಸಾಲಿನಿಂದ. ಆ ಪಟ್ಟಿಯಲ್ಲಿ 12 ವೋಲ್ಟಿಗೆ 14 ಆಂಪಿಯರ್ ಎಂದಿರುತ್ತದೆ. ಗುಣಿಸಿದರೆ 168 ವಾಟ್. ಸತ್ತ ಹಳೆಯದೇ ಅದಕ್ಕಿಂತ ಗಟ್ಟಿ. ನಾನು 25 ಆಂಪಿಯರಿನದನ್ನು, ಅಂದರೆ ನಿಜವಾದ 300 ವಾಟಿನದನ್ನು ಆರಿಸಿದೆ.

ಇನ್ನೊಂದು ತೊಡಕಿತ್ತು. ಹೊಸ ಸಪ್ಲೈ ಡಬ್ಬಿಗಳ ಕನೆಕ್ಟರಿನಲ್ಲಿ 24 ಪಿನ್, ಆ ಆಫೀಸ್ ಬೋರ್ಡಿನಲ್ಲಿ ಎಂಟೇ. ನಡುವೆ ಕನ್ವರ್ಟರ್ ಕೇಬಲ್ ಬೇಕು. ಬೆಂಗಳೂರಿನಿಂದ ತರಿಸಿದೆ. ಕೊಟ್ಟವನು "ಎಲ್ಲಾ ಎಂಟು ಪಿನ್ನಿಗೂ ಆಗುತ್ತೆ" ಎಂದ. ನಂಬಿದೆ.

ಬುಧವಾರ ಬೆಳಿಗ್ಗೆ ಸಾದಲಿಗೆ ಹೋದೆ. ಸಣ್ಣ ಕೇಸಿನೊಳಗೆ ಹೊಸ ಡಬ್ಬಿ ಕೂರಲಿಲ್ಲ. ಪಕ್ಕದಲ್ಲೇ ಇಟ್ಟು, ಹಿಂಬದಿಯ ಸಂದಿನಿಂದ ಕೇಬಲ್ ತೂರಿಸಿದೆ. ಕನೆಕ್ಟರಿನ ಒಂದು ಬದಿಯ ಕ್ಲಿಪ್ ಟಕ್ಕೆಂದು ಕೂತಿತು. ಇನ್ನೇನು ಸ್ವಿಚ್ ಹಾಕಬೇಕು, ಹಳೆಯ ಡಬ್ಬಿ ಹಿಡಿದು ನಿಂತಿದ್ದ ಭಾರತಿ, "ಅಣ್ಣ, ತಡೀರಿ" ಎಂದರು.

"ಏನಮ್ಮ?"

"ಇದ್ರಲ್ಲಿ ಹಳದಿ ಮೂರೂ ಕ್ಲಿಪ್ ಕಡೆ ಇದಾವೆ. ನೀವು ತಂದಿದ್ರಲ್ಲಿ ಕ್ಲಿಪ್ ಕಡೆ ಕಪ್ಪು."

ಅಂಥ ವೈರುಗಳಲ್ಲಿ ಹಳದಿ ಎಂದರೆ 12 ವೋಲ್ಟ್, ಕಪ್ಪು ಎಂದರೆ ಕರೆಂಟ್ ಮರಳುವ ಗ್ರೌಂಡ್. ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಹೇಳಿಸಿಕೊಳ್ಳುವುದು ಇಷ್ಟವಾಗಲಿಲ್ಲ.

"ಬಣ್ಣ ಕಂಪನಿಗೊಂದು ಥರ ಇರುತ್ತೆ. ಕನೆಕ್ಟರ್ ಕೂತ್ಮೇಲೆ ಮುಗೀತು. ನೀವು ರವಿಕೆ ನೋಡ್ಕೊಳ್ಳಿ."

"ರವಿಕೆ ನೋಡ್ಕೊಂಡೇ ಕಣ್ಣು ಹಿಂಗಾಗಿರೋದು. ಒಂದು ದಾರ ಅದಲು ಬದಲಾದ್ರೆ ನವಿಲು ಕಾಗೆ ಆಗುತ್ತೆ."

ಬಾಗಿಲ ಬಳಿ ಹುರುಳಿ ಆರಿಸುತ್ತಿದ್ದ ಅವರ ಅತ್ತೆ ತಲೆಯೆತ್ತದೆ ತೆಲುಗಿನಲ್ಲಿ, "ಚೂಸ್ತೇ ಏಂ ಪೋತುಂದಯ್ಯಾ?" ಎಂದರು. ನೋಡಿದರೆ ನಿನ್ನದೇನು ಹೋಗುತ್ತೆ ಎಂದು.

ಬೇಸರದಿಂದಲೇ ಕನೆಕ್ಟರ್ ಕಿತ್ತು ಮೀಟರ್ ತೆಗೆದೆ. ಕೇಸಿನ ತಗಡಿಗೆ ಒಂದು ಮೊನೆ, ಬೋರ್ಡಿನ ಪಿನ್ನುಗಳಿಗೆ ಇನ್ನೊಂದು. ಮೀಟರ್ ಕೀ ಎಂದು ಕೂಗಿದರೆ ಆ ಪಿನ್ ಗ್ರೌಂಡ್. ಕೂಗಿದ್ದು ಮೂರು, ಮೂರೂ ಕ್ಲಿಪ್ಪಿನ ಎದುರು ಸಾಲಿನವು. ಹೊಸ ಸಪ್ಲೈಯನ್ನು ಬೋರ್ಡಿಲ್ಲದೆ ಚಾಲೂ ಮಾಡಿ ಕನ್ವರ್ಟರಿನ ಅದೇ ಸಾಲು ನೋಡಿದೆ. 12.1 ವೋಲ್ಟ್. ಸ್ವಿಚ್ ಹಾಕಿದ್ದರೆ ಗ್ರೌಂಡಿನ ಜಾಗಕ್ಕೆ 12 ವೋಲ್ಟ್ ನುಗ್ಗುತ್ತಿತ್ತು. ಬೋರ್ಡ್ ಉಳಿಯುತ್ತಿತ್ತೆಂದು ಯಾವ ಮೆಕ್ಯಾನಿಕ್ಕೂ ಮಾತು ಕೊಡಲಾರ. ಎಂಟು ಪಿನ್ನಿನ ಅಚ್ಚು ಒಂದೇ ಇದ್ದರೂ ಒಳಗಿನ ಜೋಡಣೆ ಬೇರೆ ಕಂಪನಿಯದಾಗಿತ್ತು.

ಮೀಟರ್ ಅವರ ಕಡೆ ತಿರುಗಿಸಿ, "ನೀವು ಹೇಳಿದ್ದೇ ಸರಿ. ತಪ್ಪು ನಂದು" ಎಂದೆ. ಹನ್ನೆರಡು ವರ್ಷದಲ್ಲಿ ಗಿರಾಕಿಯೆದುರು ಆ ಮಾತು ಆಡಿದ್ದು ಅದೇ ಮೊದಲು.

ಪಿನ್ ಹೊರಗೆ ತೆಗೆಯಲು ಸಣ್ಣ ಮೊನೆ ಬೇಕೆಂದಾಗ ಭಾರತಿ ಎಂಬ್ರಾಯ್ಡರಿ ಸೂಜಿ ತಂದುಕೊಟ್ಟರು. ಅವರು ಹಳೆಯ ಕನೆಕ್ಟರ್ ನೋಡುತ್ತಾ ಒಂದೊಂದೇ ಬಣ್ಣ ಹೇಳಿದರು, ನಾನು ಒಂದೊಂದೇ ಪಿನ್ ಕಿತ್ತು ಜಾಗ ಬದಲಿಸಿದೆ. ಎಂಟನ್ನೂ ಮತ್ತೆ ಮೀಟರಿನಲ್ಲಿ ಅಳೆದ ಮೇಲೆ ಸ್ವಿಚ್ ಹಾಕಿದೆ. ಫ್ಯಾನ್ ತಿರುಗಿತು. ಸಾಫ್ಟ್‌ವೇರ್ ಲೈಸೆನ್ಸ್ ಕೇಳದೆ ತೆರೆದುಕೊಂಡಿತು.

"ನವಿಲೇ ಬಂತಲ್ಲ!" ಎಂದು ಆಗ ನಕ್ಕರು.

ವೋಲ್ಟ್, ಆಂಪಿಯರ್, ಅಚ್ಚು ಮೂರೂ ಹೊಂದಿದರೂ ಸಪ್ಲೈ ಹೊಂದಿತೆಂದು ಹೇಳಲಾಗದು ಎನ್ನುವುದು ಆ ದಿನದ ಪಾಠ. ಇನ್ನೊಂದನ್ನು ದಾರಿಯಲ್ಲಿ ಬೈಕಿನ ಮೇಲೆ ಯೋಚಿಸಿದೆ. ಏಳನೇ ಕ್ಲಾಸಿನವನಿಗೇನು ಗೊತ್ತು ಎಂದವರ ಮೇಲೆ ನಾನು ವರ್ಷಗಟ್ಟಲೆ ಹಗೆ ಸಾಧಿಸಿದವನು. "ರವಿಕೆ ನೋಡ್ಕೊಳ್ಳಿ" ಎಂದ ನಾನು ಅವರಿಗಿಂತ ಬೇರೆಯವನಾಗಿರಲಿಲ್ಲ.

ಹೊರಡುವ ಮೊದಲು ಒಂದು ಚೀಟಿಯಲ್ಲಿ ಎಂಟು ಚೌಕ ಬರೆದು, ಯಾವುದರಲ್ಲಿ ಯಾವ ಬಣ್ಣ, ಎಷ್ಟು ವೋಲ್ಟ್ ಎಂದು ಕನ್ನಡದಲ್ಲಿ ತುಂಬಿ ಕೇಸಿನೊಳಗೆ ಅಂಟಿಸಿದ್ದೆ. ಮುಂದೆ ಅದನ್ನು ಬಿಚ್ಚುವವರು ನನಗಿಂತ ಹೆಚ್ಚು ಓದಿರಬಹುದು. ಆದರೂ ಕೆಳಗೆ ಒಂದು ಸಾಲು ಸೇರಿಸಿದ್ದೆ: "ಈ ಚೀಟಿ ನಂಬಬೇಡಿ, ಮೀಟರ್ ಇಟ್ಟು ನೋಡಿ."